ತೇವ ಹಿಡಿದ ಊದುಬತ್ತಿ

ತೈಶೋ ದೊರೆಯ ಆಳ್ವಿಕೆಯ ಹದಿಮೂರನೆಯ ವರ್ಷ, ನಾಟಿಯ ಕಾಲದಲ್ಲಿ, ಊರಿನ ಜಮೀನ್ದಾರರಾದ ಮೇಲ್ಮನೆಯವರು ಕೆಳಕೇರಿಯ ಗೇಣಿದಾರರ ನೀರು ಕದ್ದರು. ಹತ್ತೊಂಬತ್ತು ದಿನ ಕದ್ದರು. ಉಮೆಕಿಚಿ ತಾತನ ಪೈರು ಸುಟ್ಟುಹೋಯಿತು. ಅವನು ಅದನ್ನು ಕಿತ್ತು ಎತ್ತಿನ ಮುಂದೆ ಹಾಕಿದ.

ನಮ್ಮ ಸಾನುಕಿ ಸೀಮೆಯಲ್ಲಿ ಹೊಳೆ ಅಂದರೆ ಮರಳು. ಬೆಟ್ಟದ ಮೇಲೆ ಬೆಳಿಗ್ಗೆ ಬಿದ್ದ ಮಳೆ ಸಂಜೆಗೆ ಕಡಲು ಸೇರಿರುತ್ತದೆ. ಹಾಗಾಗಿ ಕೆರೆ ಕಟ್ಟಿಕೊಂಡೆವು, ಕೆರೆಯ ನೀರನ್ನು ಊದುಬತ್ತಿಯಿಂದ ಹಂಚಿಕೊಂಡೆವು. ಗದ್ದೆಗೊಂದು ಬತ್ತಿ. ಬತ್ತಿ ಉರಿಯುವಷ್ಟು ಹೊತ್ತು ತೂಬಿನ ನೀರು ಆ ಗದ್ದೆಗೆ. ಬತ್ತಿ ಆರಿದರೆ ಡೋಲು ಹೊಡೆಯಬೇಕು, ನೀರು ಪಕ್ಕದ ಗದ್ದೆಗೆ ತಿರುಗಬೇಕು. ಬತ್ತಿ ಹೊತ್ತದೆ ತೂಬು ಮುಟ್ಟಿದವನನ್ನು ಊರು ಮಾತಾಡಿಸುವುದಿಲ್ಲ.

ಅಳತೆಯ ವಿಷಯದಲ್ಲಿ ನಾವು ಬಹಳ ಬಿಗಿ. ಪ್ರತಿ ವರ್ಷ ನಾಟಿಗೆ ಮುಂಚೆ ಎಲ್ಲರೂ ಕೆರೆ ಏರಿಯ ಮೇಲೆ ಸೇರಿ, ಬಿದಿರಿನ ಅಳತೆಕಡ್ಡಿ ಹಿಡಿದು, ಒಂದೊಂದೇ ಬತ್ತಿಯನ್ನು ಅಳೆಯುತ್ತೇವೆ. ಕೂದಲೆಳೆಯಷ್ಟು ಉದ್ದ ಇದ್ದರೂ ಚಾಕುವಿನಿಂದ ತುಂಡರಿಸುತ್ತೇವೆ. ಒಂದು ಸಲ ಇಬ್ಬರು ಅಣ್ಣತಮ್ಮಂದಿರು ಅಕ್ಕಿಕಾಳಿನಷ್ಟು ವ್ಯತ್ಯಾಸಕ್ಕೆ ಒಬ್ಬರ ಹಲ್ಲು ಒಬ್ಬರು ಮುರಿದರು. ಆದರೆ ಬೆಂಕಿಗೆ ಬತ್ತಿಯ ಉದ್ದ ಮಾತ್ರ ಮುಖ್ಯವಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದು ಮೇಲ್ಮನೆಯವರಿಗೆ.

ಬತ್ತಿ ಕಾಯುವ ಸರದಿ ಆ ವರ್ಷ ನಮ್ಮ ಮನೆಗೆ ಬಂದಿತ್ತು. ಗಂಡ ಒಸಾಕಾದ ನೂಲಿನ ಗಿರಣಿಯಲ್ಲಿದ್ದ, ಹಾಗಾಗಿ ಏರಿಯ ಮೇಲಿನ ಗುಡಿಸಲಲ್ಲಿ ಕೂತವಳು ನಾನು, ಇಸೆ. ಅಳೆದ ಬತ್ತಿಗಳ ಪೆಟ್ಟಿಗೆ ಮೇಲ್ಮನೆಯಲ್ಲಿರುತ್ತಿತ್ತು; ದಿನಾ ಬೆಳಿಗ್ಗೆ ಅಲ್ಲಿಯ ಪಾರುಪತ್ತೇಗಾರ ಕಮೆಜೋ ಎರಡು ಕಟ್ಟು ತಂದು ಕೊಡುತ್ತಿದ್ದ. ಬಿಳಿ ದಾರದ್ದು ಮೇಲ್ಮನೆಯ ಗದ್ದೆಗಳಿಗೆ, ನೀಲಿ ದಾರದ್ದು ಕೆಳಕೇರಿಗೆ.

"ಏನೇ ಉಪ್ಪಿನೋಳೆ, ತೂಕಡಿಸಿ ಬತ್ತಿ ಆರಿಸಿಬಿಟ್ಟೀಯ," ಅನ್ನುತ್ತಿದ್ದ.

"ನಿಮ್ಮ ಮುಖ ನೋಡಿದ್ಮೇಲೆ ನಿದ್ದೆ ಎಲ್ಲಿ ಬರುತ್ತೆ, ಬಿಡಿ."

ನನ್ನ ತವರು ಕಡಲ ತಡಿಯಲ್ಲಿ, ಉಪ್ಪಿನ ಗದ್ದೆಗಳ ಊರು. ಸಮುದ್ರದ ನೀರನ್ನು ಮರಳಿನ ಮೇಲೆ ಎರಚಿ ಬಿಸಿಲಿಗೆ ಒಪ್ಪಿಸುವುದು ಅಲ್ಲಿಯ ಕೆಲಸ. ನೀರು ಮೇಲೆ ಹೋಗುತ್ತದೆ, ಉಪ್ಪು ಕೆಳಗೆ ಉಳಿಯುತ್ತದೆ. ಮರಳೊಳಗೆ ಇನ್ನೆಷ್ಟು ತೇವ ಇದೆ ಎಂದು ಬೆರಳೇ ಹೇಳಬೇಕು; ತಪ್ಪು ಹೇಳಿದರೆ ಅಪ್ಪನ ಕೈ ಬೆನ್ನಿಗೆ ಬೀಳುತ್ತಿತ್ತು. ಹದಿನೆಂಟು ದಿನ ಬತ್ತಿಯ ಉದ್ದಕ್ಕಷ್ಟೇ ಗಮನ ಕೊಟ್ಟಿದ್ದ ಆ ಬೆರಳುಗಳು ಹತ್ತೊಂಬತ್ತನೆಯ ದಿನ ಬಿಳಿ ದಾರದ ಒಂದು ಬತ್ತಿ ಹಿಡಿದು ಹಾಗೇ ನಿಂತವು. ಬತ್ತಿ ಮುರಿಯಲು ನೋಡಿದೆ. ಬಾಗಿತು. ನೀಲಿ ದಾರದ್ದು ತೆಗೆದು ಮುರಿದೆ. ಟಕ್ ಎಂದಿತು.

ಎರಡೂ ಕಟ್ಟಿನಿಂದ ಒಂದೊಂದು ಇಡೀ ಬತ್ತಿ ತೆಗೆದು ಬೂದಿಯಲ್ಲಿ ಅಕ್ಕಪಕ್ಕ ನೆಟ್ಟು ಹಚ್ಚಿದೆ. ನಮ್ಮದು ಬೂದಿಯಾದಾಗ ಅವರದ್ದು ಇನ್ನೂ ನಾಲ್ಕು ಬೆರಳು ಉಳಿದಿತ್ತು. ಮೇಲ್ಮನೆಗೆ ಇಪ್ಪತ್ತಾರು ಗದ್ದೆ. ಇಪ್ಪತ್ತಾರು ಸಲ ನಾಲ್ಕು ಬೆರಳು ನೀರು, ದಿನಾ.

ಡೋಲು ಹೊಡೆದೆ. ಹೊತ್ತಲ್ಲದ ಹೊತ್ತಿನಲ್ಲಿ, ನಿಲ್ಲಿಸದೆ ಹೊಡೆದೆ. ಊರೆಲ್ಲ ಕೆಸರುಗಾಲಲ್ಲೇ ಏರಿಗೆ ಓಡಿ ಬಂತು.

"ಗಾಳಿ ಬೀಸಿರುತ್ತೆ, ಒಂದು ಬೇಗ ಉರೀತು," ಎಂದ ಕಮೆಜೋ. "ಹೆಂಗಸ್ರನ್ನ ಕೂರಿಸಿದ್ರೆ ಇದೇ ಕಥೆ."

ಗುಡಿಸಲಲ್ಲಿದ್ದ, ಚಹಾ ಎಲೆ ಹುರಿಯುವ ಎರಡು ಮಣ್ಣಿನ ಬಾಂಡ್ಲಿಗಳನ್ನು ಕೆಂಡದ ಮೇಲಿಟ್ಟೆ. ಒಂದರಲ್ಲಿ ಬಿಳಿ ಕಟ್ಟಿನ ಕೆಲವು ಬತ್ತಿಗಳನ್ನು ತುಂಡು ಮಾಡಿ ಹಾಕಿದೆ, ಇನ್ನೊಂದರಲ್ಲಿ ನೀಲಿ ಕಟ್ಟಿನ ಅಷ್ಟೇ ಬತ್ತಿಗಳನ್ನು. ಎರಡು ಪಿಂಗಾಣಿ ತಟ್ಟೆಗಳನ್ನು ಕೆರೆ ನೀರಲ್ಲಿ ತಣ್ಣಗೆ ಮಾಡಿ, ಅಂಗಿಯ ತೋಳಿನಿಂದ ಒರೆಸಿ, ಕಮೆಜೋನ ಕೈಗೇ ಕೊಟ್ಟೆ.

"ಒಣಗಿದಾವಾ? ಮುಟ್ಟಿ ಹೇಳಿ."

"ಒಣಗಿದಾವೆ. ಏನೀಗ?"

"ಬಾಂಡ್ಲಿಗಳನ್ನ ನೀವೇ ಮುಚ್ಚಿ."

ಈ ವಿದ್ಯೆ ನಾನು ಕಂಡುಹಿಡಿದದ್ದಲ್ಲ. ಚಳಿಗಾಲದಲ್ಲಿ ನಾವು ಆರು ಜನ ಹೆಂಗಸರು ಸೂಲಗಿತ್ತಿ ಟೊಮೆಯ ಮನೆಯಲ್ಲಿ ಕೂತು, ಒಬ್ಬರು ಓದಿ ಐವರು ಕೇಳಿ, ಒಂದು ಶಾಲೆಯ ಪುಸ್ತಕ ಮುಗಿಸಿದ್ದೆವು. ಕಾದ ನೀರು ಆವಿಯಾಗುತ್ತದೆ, ತಣ್ಣಗಿನದಕ್ಕೆ ತಾಗಿದರೆ ಮತ್ತೆ ಹನಿಯಾಗುತ್ತದೆ. ಕಡಲಿನಿಂದ ಎದ್ದದ್ದು ಬೆಟ್ಟಕ್ಕೆ ತಾಗಿ ಸುರಿದು ಕಡಲಿಗೇ ಇಳಿಯುತ್ತದೆ. ಇದ್ದ ನೀರೇ ಸುತ್ತುತ್ತಿರುತ್ತದೆ ಎಂದು ಅದರಲ್ಲಿತ್ತು. "ಹಂಗಾದ್ರೆ ಮೇಲ್ಮನೆ ನೀರು ಅಂತಾರಲ್ಲ, ಅದ್ಯಾವ್ದು?" ಎಂದು ಟೊಮೆ ಕೇಳಿದ್ದಳು. "ಅವರು ಉಚ್ಚೆ ಹೊಯ್ದದ್ದು ಅಷ್ಟೇ ಅವರದ್ದು" ಎಂದು ಯಾರೋ ಹೇಳಿ, ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು ಒಂದಿತ್ತು: ಆ ಸುತ್ತಿನ ನಡುವೆ ಎಲ್ಲೋ ಒಬ್ಬ ಪಾರುಪತ್ತೇಗಾರ ನಿಂತಿರುತ್ತಾನೆ.

ಸ್ವಲ್ಪ ಹೊತ್ತಿಗೆ ತಟ್ಟೆಗಳನ್ನು ತೆಗೆದು ಮಗುಚಿ ತೋರಿಸಿದೆ. ನಮ್ಮದರ ಮೇಲೆ ಉಸಿರು ತಾಗಿದಷ್ಟು ಮಂಜು. ಅವರದ್ದರಿಂದ ಹನಿ ಕೂಡಿ, ಓರೆಯಾಗಿ ಹರಿದು, ಕಮೆಜೋನ ಪಾದದ ಮೇಲೆ ಬಿತ್ತು.

ಬಿಸಿಲಿಗೆ ಬಿರಿದ ಏರಿಯ ಮೇಲೆ ಆ ಒಂದು ಹನಿಯನ್ನು ನಲವತ್ತು ಜನ ನೋಡಿದರು.

"ಕೆಲಸದೋರು ಬಾವಿ ಮನೇಲಿ ಇಟ್ಟಿದ್ರು ಅನ್ಸುತ್ತೆ," ಎಂದ ಕಮೆಜೋ. "ಮಳೆಗಾಲ ನೋಡು, ತೇವ ಹಿಡಿದಿರುತ್ತೆ."

"ಮಳೆ ಎಲ್ಲಪ್ಪಾ ಬಂತು?" ಹಿಂದಿನಿಂದ ಟೊಮೆ ಕೂಗಿದಳು. "ಈ ಸಲ ನಿಮ್ಮ ಪೆಟ್ಟಿಗೆಯೊಳಗೆ ಮಾತ್ರ ಬಂತಾ?"

ಎಲ್ಲರೂ ಕೆರೆ ಹಿರಿಯ ಸೋಬೆಯ ಕಡೆ ತಿರುಗಿದರು. ಅವನೂ ಗೇಣಿದಾರನೇ, ಅವನ ಅಜ್ಜನೂ ಮೇಲ್ಮನೆಯ ಗೇಣಿದಾರನೇ. ಸೋಬೆ ಗಂಟಲು ಸರಿಮಾಡಿಕೊಂಡ.

"ಕಂಡದ್ದು ಕಂಡ್ವಿ. ಇದು ಊರು ದಾಟೋದು ಬೇಡ. ನಾಳೆಯಿಂದ ಎರಡೂ ಕಟ್ಟು ದೇವಸ್ಥಾನದಲ್ಲಿರ್ಲಿ. ಆಯ್ತಲ್ಲ?"

"ಹತ್ತೊಂಬತ್ತು ದಿನದ ನೀರು?" ಎಂದೆ.

"ಹೋದ ನೀರು ಹೋಯ್ತು ಕಣಮ್ಮ."

"ಎಲ್ಲಿಗೂ ಹೋಗಿಲ್ಲ ಸೋಬೆ ಮಾವ. ಅಲ್ಲಿ ನಿಂತಿದೆ ನೋಡಿ."

ಮೇಲ್ಮನೆಯ ಗದ್ದೆಗಳು ಏರಿಯ ಕೆಳಗೇ ಇದ್ದವು. ಪೈರಿನ ನಡುವೆ ಆಕಾಶ ಹೊಳೆಯುತ್ತಿತ್ತು. ಸೋಬೆ ಆ ಕಡೆ ಕಣ್ಣು ಹಾಯಿಸಲೇ ಇಲ್ಲ.

"ಇವತ್ತಿನ ಮೊದಲ ಸರದಿ ಮೇಲ್ಮನೇದು," ಎಂದ ಅವನು. "ತಂದಿರೋ ಕಟ್ಟಲ್ಲೇ ಮುಗಿಸಿಬಿಡು. ಒಂದಿನದ ಮಾತು. ಆಮೇಲೆ ಯಜಮಾನರ ಮನೆಗೆ ಹೋಗಿ, ಬತ್ತಿ ಹಾಳು ಮಾಡಿದ್ದಕ್ಕೆ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಬಾ."

"ತಪ್ಪಾಯ್ತು ಅಂತ ನಾನು ಹೇಳ್ಬೇಕಾ?"

ಆಗ ಉಮೆಕಿಚಿ ತಾತ ಮುಂದೆ ಬಂದ. ಅವನ ಉಗುರಿನ ಸಂದಿಯಲ್ಲಿ ಕಿತ್ತ ಪೈರಿನ ಬೇರು ಇನ್ನೂ ಅಂಟಿಕೊಂಡಿತ್ತು. ಇವನಾದರೂ ನನ್ನ ಪರ ನಿಲ್ಲುತ್ತಾನೆ ಅಂದುಕೊಂಡೆ.

"ಹಚ್ಚಿಬಿಡು ತಾಯಿ," ಎಂದ. "ನಿನ್ನ ಕಾಲು ಹಿಡೀತೀನಿ. ಪೈರು ಹೋದ್ರೆ ಮುಂದಿನ ವರ್ಷ ನೆಡಬಹುದು. ಗದ್ದೆನೇ ಕಿತ್ಕೊಂಡ್ರೆ ಎಲ್ಲಿ ನೆಡಲಿ?"

ಹಿಂದೆ ನಿಂತವರು ಹೌದೆಂದು ತಲೆ ಆಡಿಸಿದರು. ಕದ್ದವರು ಅಲ್ಲೇ ಕೆಳಗೆ, ಹಂಚಿನ ಮಾಡಿನ ನೆರಳಲ್ಲಿ ಮಲಗಿದ್ದರು. ಇಲ್ಲಿ ಬಿಸಿಲಲ್ಲಿ ನಿಂತು ಅವರ ಪರವಾಗಿ ಕೈ ಮುಗಿಯುತ್ತಿದ್ದವರು ನಾವು. ಟೊಮೆ ಒಬ್ಬಳೇ ನನ್ನನ್ನೇ ನೋಡುತ್ತಿದ್ದಳು.

ಕಮೆಜೋಗೆ ಧೈರ್ಯ ಬಂತು. ಬಿಳಿ ಕಟ್ಟಿನಿಂದ ಒಂದು ಬತ್ತಿ ಎಳೆದು ನನ್ನ ಮುಂದೆ ಹಿಡಿದ.

"ಕೇಳಿಸ್ತಲ್ಲ, ಊರೇ ಹೇಳ್ತಿದೆ. ಹಚ್ಚು. ನಿನ್ನ ಗಂಡನ ಹೆಸರಲ್ಲಿ ಗೇಣಿಗಿರೋ ಗದ್ದೆ ಯಾರದ್ದು ಅಂತ ಜ್ಞಾಪಕ ಇದೆ ತಾನೆ?"

ಜ್ಞಾಪಕ ಇತ್ತು. ಈ ಬತ್ತಿ ಹೊತ್ತದಿದ್ದರೆ ತೂಬು ಏಳುವುದಿಲ್ಲ. ಸರದಿ ಮುಂದೆ ಸಾಗುವುದಿಲ್ಲ. ಅವರ ಇಪ್ಪತ್ತಾರು ಗದ್ದೆಗೂ ಇಲ್ಲ, ಕೆಳಕೇರಿಯ ಹನ್ನೊಂದಕ್ಕೂ ಇಲ್ಲ, ಬದುವಿನ ಪಕ್ಕ ಆಗಲೇ ಹಳದಿ ತಿರುಗಿದ್ದ ನನ್ನ ಒಂದಕ್ಕೂ ಇಲ್ಲ. ಬತ್ತಿ ಕಾಯುವ ಸರದಿ ನನ್ನದಿರುವವರೆಗೆ ನನ್ನ ಕೈ ಬಿಟ್ಟು ಬೇರೆ ಕೈ ಬತ್ತಿ ಹಚ್ಚುವ ಹಾಗಿರಲಿಲ್ಲ. ಆ ಕಟ್ಟಳೆ ಮಾಡಿದವರೂ ಮೇಲ್ಮನೆಯವರೇ.

"ಹಚ್ಚೇ," ಎಂದ ಕಮೆಜೋ.

"ಹಚ್ಚಲ್ಲ."

"ಇಸೆ!" ಎಂದ ಸೋಬೆ. "ಊರು ಹೇಳ್ತಿದೆ, ಹಚ್ಚು."

"ಊರು ಹೇಳಿದ್ರೂ ಹಚ್ಚಲ್ಲ," ಎಂದೆ, ಮತ್ತು ಕೆಂಡದ ಮೇಲೆ ಬೂದಿ ಮುಚ್ಚಿದೆ.