ಹಿಂಬಾಗಿಲಿನ ಗೀರು

ಮಕ್ತಲ್‌ನ ನಾಗಪ್ಪ ಹೊಸ ಕಾರಿಗೆ ಒರಗಿ ನಿಂತ ಫೋಟೊ ಫೋನಿಗೆ ಬಂದ ದಿನದಿಂದ ನರೇಂದ್ರನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ? ನಾಗಪ್ಪ ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ನಾರಾಯಣಪೇಟೆಯಲ್ಲಿ ಸೀರೆ ನೇಯುವ ತನಗೆ ಹಳೆಯ ಮೋಟಾರ್ ಸೈಕಲ್ಲು, ನೇಯ್ದದ್ದನ್ನು ಮಾರುವ ಅವನಿಗೆ ಕಾರು. ದಿನಕ್ಕೆ ಹತ್ತು ಸಲ ಆ ಫೋಟೊ ತೆಗೆದು ನೋಡಿ ಉರಿದುಕೊಳ್ಳುತ್ತಿದ್ದ.

ಅಷ್ಟರಲ್ಲಿ ಮಾವನ ಮನೆಯಲ್ಲಿ ತೊಟ್ಟಿಲ ಕಾರ್ಯ ಬಂತು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ನರೇಂದ್ರ ಗದ್ವಾಲ್‌ವರೆಗೆ ಹೋಗಿ ಎಂಕಪ್ಪನ ಹತ್ತಿರ ಎರಡು ದಿನಕ್ಕೆ ಕಾರು ಬಾಡಿಗೆ ಹಿಡಿದ. ಬಾಡಿಗೆಯ ಮೇಲೆ ನಾಲ್ಕು ಸಾವಿರ ಡಿಪಾಜಿಟ್ಟು. ಅದು ಹೆಂಡತಿ ನವನೀತಾ ತಿಂಗಳೆಲ್ಲ ಮಗ್ಗದಲ್ಲಿ ಕೂತು ದುಡಿದ ಕೂಲಿ.

"ರೊಕ್ಕ ಹಂಗ ತಿರುಗಿ ತರ್ರಿ," ಅಂದಿದ್ದಳು. "ನನಗ ಎಳಿ ಕಾಣವಲ್ವು, ಕಣ್ಣಿಗೆ ಚಾಳೀಸ ಮಾಡಿಸ್ಕೋಬೇಕು."

ಕಾರ್ಯದಲ್ಲಿ ನಮ್ಮದೇ ಕಾರು ಎಂದು ಹೇಳಿ ಮೆರೆದದ್ದಾಯಿತು. ಆದರೆ ಯಾರ ಹೊಟ್ಟೆ ಉರಿಸಬೇಕಿತ್ತೋ ಆ ನಾಗಪ್ಪನೇ ಬರಲಿಲ್ಲ.

ಕಾರು ಒಪ್ಪಿಸುವಾಗ ಎಂಕಪ್ಪ ಒಂದು ಸುತ್ತು ಹಾಕಿ, ಹಿಂಬಾಗಿಲಿನ ಮೇಲೆ ಕುಡುಗೋಲಿನಂಥ ಗೀರು ತೋರಿಸಿದ.

"ಮೂರು ಸಾವಿರ ಮುರ್ಕೋತೀನ್ರಿ."

"ನಾ ಒಂದ್ ಕಡ್ಡೀನೂ ತಾಗಿಸಿಲ್ರಿ."

"ಒಯ್ಯುವಾಗ ನೋಡ್ಕೊಂಡು ಸಹಿ ಮಾಡೀರಲ್ಲ."

ಸಹಿ ಮಾಡಿದ್ದು ನಿಜ. ಕಾರು ಕೈಗೆ ಬಂದ ಹಿಗ್ಗಿನಲ್ಲಿ ಬಾಗಿಲು ಯಾರು ನೋಡುತ್ತಾರೆ? ನರೇಂದ್ರ ಕುಕ್ಕರಗಾಲಲ್ಲಿ ಕೂತು ಗೀರನ್ನೇ ನೋಡಿದ. ಎಲ್ಲೋ ಕಂಡ ಗೀರು. ಫೋನು ತೆಗೆದ. ಫೋಟೊದಲ್ಲಿ ನಾಗಪ್ಪನ ಮೊಣಕೈ ಕೆಳಗೆ ಅದೇ ಕುಡುಗೋಲು, ಹಿಂದೆ ಅದೇ ನಂಬರ್ ಪ್ಲೇಟು. ಇಷ್ಟು ದಿನ ಅವನು ನೋಡಿದ್ದು ಬರೀ ನಾಗಪ್ಪನ ನಗುವನ್ನು. ಅವನದೂ ಬಾಡಿಗೆ ಕಾರೇ. ಒಂದು ತಿಂಗಳ ಮೇಲೆ ನರೇಂದ್ರನ ಹೊಟ್ಟೆ ತಣ್ಣಗಾಯಿತು.

"ಹೋದ ತಿಂಗಳ ಫೋಟೊ ನೋಡ್ರಿ. ಗೀರು ಅವಾಗೇ ಐತಿ."

ಎಂಕಪ್ಪ ತಲೆ ಕೆರೆದುಕೊಂಡು, ತೆಪ್ಪಗೆ ನಾಲ್ಕು ಸಾವಿರವನ್ನೂ ಮುಂದಿಟ್ಟ.

"ಹೌದ್ರಿ, ಗೀರು ಮಾಡಿದವ್ರು ಇವ್ರೇ. ದೊಡ್ಡ ಮನುಷ್ಯರು ಬಿಡ್ರಿ. ಮೂರು ಸಾವಿರ ಕೇಳಿದ್ದಕ್ಕ ಒಂದ್ ಮಾತಾಡ್ದಂಗ ಕೊಟ್ಟು ಹೋದ್ರು. ನಿಮ್ಮಂಗ ತಕರಾರು ಮಾಡ್ಲಿಲ್ಲ."

ತಣ್ಣಗಾಗಿದ್ದ ಹೊಟ್ಟೆ ಭಗ್ಗೆಂದಿತು. ನವನೀತಾಳ ಕಣ್ಣು ನೆನಪಾಗಲಿಲ್ಲ ಅಂತಲ್ಲ, ನೆನಪಾಯಿತು.

"ಅವರು ಮೂರು ಕೊಟ್ರಾ?" ನರೇಂದ್ರ ನೋಟುಗಳನ್ನು ಎಂಕಪ್ಪನ ಕಡೆಗೇ ತಳ್ಳಿದ. "ನಾಲ್ಕೂ ಇಟ್ಕೋರಿ. ಅವರು ಮತ್ತ ಬಂದ್ರ, ನಾ ನಾಲ್ಕು ಕೊಟ್ಟೆ ಅಂತ ಹೇಳ್ರಿ."

ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಕನ್ನಡಕದ ಅಂಗಡಿಯೊಂದಿತ್ತು. ನರೇಂದ್ರ ಆ ಕಡೆ ನೋಡದೆ ದಾಟಿದ.