ಇಸ್ತ್ರಿ ಬಟ್ಟೆಯ ಗವಸು

ನಮ್ಮ ಮನೆಯಲ್ಲಿ ಗವಸಿಲ್ಲದ ವಸ್ತುವಿಲ್ಲ. ಹೊಲಿಗೆಯವಳ ಮನೆ ಎಂದ ಮೇಲೆ ತುಂಡು ಬಟ್ಟೆಗೆ ಬರವೇ? ಮಿಕ್ಸಿಗೆ, ರೇಡಿಯೋಗೆ, ಗ್ಯಾಸ್ ಸಿಲಿಂಡರಿಗೂ ಅಂಗಿ ತೊಡಿಸಿದ್ದೇನೆ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ನನಗೂ ಒಂದು ಹೊಲಿದುಬಿಡುತ್ತೀಯ ಎಂದು ಅಣ್ಣ ಛೇಡಿಸುತ್ತಿದ್ದ. ಅದು ಅವನಿಗೆ ಪಾರ್ಶ್ವವಾಯು ಹೊಡೆಯುವ ಮೊದಲಿನ ಮಾತು.

ಈಗ ಅವನ ಕೈಕಾಲು ಚೇತರಿಸಿಕೊಂಡಿವೆ, ನಾಲಿಗೆ ಮಾತ್ರ ಮುಷ್ಕರ ಹೂಡಿದೆ. ಮಾತು ಕಲಿಸುವ ಟೀಚರ್ ದೂರದ ಊರಿನವರು. ವಾರಕ್ಕೆ ಮೂರು ದಿನ ಬೆಳಿಗ್ಗೆ ಹತ್ತಕ್ಕೆ ಟ್ಯಾಬಿನಲ್ಲಿ ಬರುತ್ತಾರೆ, ಅವರ ಬಾಯಿ ನೋಡಿ ಇವನು ಹೇಳಬೇಕು. ಎರಡು ವಾರದಿಂದ ಒಂದೇ ಅಕ್ಷರ, 'ಪ'. ಅಣ್ಣನೋ ಬಾಯಿ ತೆರೆದು ಹಾಗೇ ಕೂತುಬಿಡುತ್ತಾನೆ. ಚಿತ್ರವೂ ಸರಿಯಿಲ್ಲ. ಟೀಚರ್ ಮುಖ ಮಸುಕಾಗಿ, ಚೌಕ ಚೌಕವಾಗಿ ಒಡೆದು, ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ದನಿಯೂ ತುಂಡು ತುಂಡು. ನಿಮ್ಮಣ್ಣನಿಗೆ ಇನ್ನೂ ಹಿಡಿತ ಬಂದಿಲ್ಲ, ಮುಂದಿನ ಸಲವೂ ಹೀಗಾದರೆ ಪಾಠ ಸದ್ಯಕ್ಕೆ ನಿಲ್ಲಿಸೋಣ ಎಂದು ಟೀಚರ್ ಹೇಳಿದ್ದು ಅಣ್ಣನ ಕಿವಿಗೂ ಬಿತ್ತು. ಅವತ್ತಿನಿಂದ ಊಟದ ತಟ್ಟೆಯನ್ನು ಅರ್ಧಕ್ಕೇ ತಳ್ಳುತ್ತಿದ್ದ.

ನನಗೆ ಕೋಪ ಮೂಗಿನ ತುದಿಯಲ್ಲೇ. ಆ ಮುಂದಿನ ಪಾಠದ ದಿನ ಎದ್ದವಳೇ ಟ್ಯಾಬನ್ನು ಆರಿಸಿ ಮತ್ತೆ ಹಚ್ಚಿದೆ, ತೆರೆದಿದ್ದ ಆಟ, ಹಾಡು ಎಲ್ಲ ಮುಚ್ಚಿದೆ, ಅತ್ತಿಗೆಯ ಫೋನಿನಿಂದ ವೈಫೈ ತೆಗೆದೆ. ಪಕ್ಕದ ಮನೆಯವರು ನಮ್ಮದನ್ನು ಕದಿಯುತ್ತಿದ್ದಾರೆಂದು ಪಾಸ್‌ವರ್ಡನ್ನೂ ಬದಲಿಸಿದೆ. ಹತ್ತಕ್ಕೆ ಪಾಠ ಶುರುವಾಯಿತು, ಚಿತ್ರ ಮತ್ತೆ ನಿಂತಿತು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಚೆನ್ನಾಗಿ ಜಾಡಿಸಿದೆ. ಆ ಕಡೆಯವರು ತಣ್ಣಗೆ ಕೇಳಿಸಿಕೊಂಡು, ವೈಫೈ ಡಬ್ಬಿಯಲ್ಲಿ ಎಷ್ಟು ದೀಪ ಉರಿಯುತ್ತಿವೆ ನೋಡಿ ಹೇಳಿ ಎಂದರು.

ದೀಪ ನೋಡಬೇಕೆಂದರೆ ಡಬ್ಬಿಯ ಗವಸು ತೆಗೆಯಬೇಕು. ತೆಗೆದೆ.

"ಬಂತು ಬಂತು, ಟೀಚರ್ ಹಲ್ಲೂ ಕಾಣ್ತಿದೆ," ಎಂದರು ಕೋಣೆಯೊಳಗಿಂದ ಅತ್ತಿಗೆ.

ಕೈಯಲ್ಲಿದ್ದ ಗವಸನ್ನು ತಿರುಗಿಸಿ ನೋಡಿದೆ. ಇಸ್ತ್ರಿ ಮೇಜಿಗೆ ಹಾಸುವ, ಬೆಳ್ಳಿಯಂತೆ ಲೋಹ ಬಳಿದ ಬಟ್ಟೆ. ಶಾಖವನ್ನೇ ತಡೆಯುವುದಕ್ಕೆ ಧೂಳು ಯಾವ ಲೆಕ್ಕ ಎಂದು ಎರಡು ವಾರದ ಹಿಂದೆ ನಾನೇ ಉಳಿದ ತುಂಡಿನಲ್ಲಿ ಹೊಲಿದದ್ದು, ಅಂಚಿಗೆ ಪೈಪಿಂಗ್ ಬೇರೆ. ಅದು ಸಿಗ್ನಲ್ಲನ್ನೂ ತಡೆದಿತ್ತು. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಲು ಹೋದವಳು ನಾನು. ಫೋನಿನವರಿಗೆ ಮೆಲ್ಲಗೆ ತಪ್ಪಾಯಿತು ಎಂದು ಹೇಳಿ ಒಳಗೆ ಹೋದೆ.

ಟೀಚರ್ ತುಟಿ ಮುಚ್ಚಿ, ಒತ್ತಿ, ಬಿಟ್ಟರು. ಅಣ್ಣ ಮುಂದಕ್ಕೆ ಬಾಗಿ ನೋಡಿದ. ತುಟಿ ಮುಚ್ಚಿದ, ಒತ್ತಿದ. "ಪ" ಎಂದ.

ಅತ್ತಿಗೆ ಕುರ್ಚಿ ಹಿಡಿದು ಕೂತರು. ನಾನು ಗವಸಿನ ಕಥೆ ಹೇಳಿದೆ. ಇಷ್ಟು ದಿನ ನಿಮ್ಮ ಕಡೆ ಚಿತ್ರ ಯಾವ ಹಂತದಲ್ಲಿ ನಿಲ್ಲುತ್ತಿತ್ತು ಎಂದು ಟೀಚರ್ ನನ್ನನ್ನು ಕೇಳಿದರು. ನೀವು ತುಟಿ ಮುಚ್ಚಿದ್ದು ಒಂದು ಸಲವೂ ಕಾಣಲಿಲ್ಲ, ಬಾಯಿ ತೆರೆದಲ್ಲೇ ನಿಲ್ಲುತ್ತಿತ್ತು ಎಂದೆ.

"ಹಾಗಾದ್ರೆ ಅವರು ತಪ್ಪು ಮಾಡ್ಲೇ ಇಲ್ಲ. ಕಂಡದ್ದನ್ನ ಕಂಡ ಹಾಗೇ ಮಾಡಿದ್ದಾರೆ, ಎರಡು ವಾರನೂ," ಎಂದು ಟೀಚರ್ ಹೇಳಿದರು.

ನನಗೆ ಅಳು ಬಂತು. ಇವನಿಂದ ಇನ್ನಾಗದು ಎಂದು ಒಳಗೊಳಗೇ ನಾನೂ ಕೈಚೆಲ್ಲಿದ್ದೆ. ಅಣ್ಣ ನನ್ನತ್ತ ತಿರುಗಿ, ಯಾರೂ ಹೇಳಿಕೊಡದೆಯೇ, ಇನ್ನೊಂದು ಸಲ 'ಪ' ಎಂದ. ಬುಧವಾರ 'ಮ' ಶುರು ಮಾಡೋಣ ಎಂದರು ಟೀಚರ್.