ಹತ್ತೊಂಬತ್ತನೇ ಫಾರಂ

೧

ಈ ಕಥೆಯನ್ನು ಕಾದಂಬರಿಯಿಂದ ಶುರು ಮಾಡಲೋ, ಕಾದಂಬರಿ ಹೊಲಿದವನಿಂದಲೋ? ಮೊದಲನೆಯದನ್ನು ಟೈಪ್ ಮಾಡಿ ನೋಡಿದೆ. ಎರಡೇ ಸ್ಕ್ರೀನ್‌ಗೆ ನನಗೇ ಆಕಳಿಕೆ ಬಂತು, ಡಿಲೀಟ್. ಹಾಗಾಗಿ ನಿಮ್ಮ ಪಾಲಿಗೆ ಬೈಂಡರ್.

ಐವತ್ತು ದಾಟಿದವನು. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟಿನ ಸಿಪ್ಪೆ. ಇವತ್ತು ಮಧ್ಯಾಹ್ನ ಅವನ ಅಕ್ಕ ಅಂಗಡಿಗೆ ಬಂದು, ಬೆನ್ನು ಕಿತ್ತುಹೋದ ಒಂದು ದಪ್ಪ ಕಾದಂಬರಿಯನ್ನು ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು.

"ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದುಕೊಡೋ. ಶನಿವಾರ ನಮ್ಮ ಓದುಕೂಟ ಇದೆ."

ಬೈಂಡರ್ ಪುಸ್ತಕ ಮುಟ್ಟದೆ ಮೊದಲು ಡ್ರಾಯರಿನ ಕಡೆ ನೋಡಿದ.

(ಯಾಕೆಂದು ಕೊನೆಯವರೆಗೆ ಮುಚ್ಚಿಡಬೇಕಂತೆ. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ.)

೨

ಪುಸ್ತಕ ಅಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳ ಕಟ್ಟು. ಒಂದೊಂದು ಮಡಿಕೆಗೂ ಫಾರಂ ಎನ್ನುತ್ತಾರೆ. ಇಪ್ಪತ್ತು ವರ್ಷದ ಹಿಂದೆ, ಕೆಲಸ ಕಲಿಯುವಾಗ, ಬೈಂಡರ್ ತಾನೇ ಹೊಲಿದ ಮೊದಲ ಪುಸ್ತಕವನ್ನು, ಅಂದರೆ ಇದೇ ಕಾದಂಬರಿಯನ್ನು, ಅಕ್ಕನಿಗೆ ಉಡುಗೊರೆ ಕೊಟ್ಟ. ಕೊಟ್ಟು ಬಂದು ಕಸ ಗುಡಿಸಿದರೆ ಮೇಜಿನಡಿ ಹತ್ತೊಂಬತ್ತನೇ ಫಾರಂ! ಹದಿನೆಂಟಾದ ಮೇಲೆ ನೇರ ಇಪ್ಪತ್ತು ಹೊಲಿದುಬಿಟ್ಟಿದ್ದ. ನಾಚಿಕೆಯಾಯಿತು. ಡ್ರಾಯರಿನ ತಳಕ್ಕೆ ತುರುಕಿದ. ಹದಿನಾರು ಪುಟ ತಾನೇ, ಯಾರಿಗೆ ಗೊತ್ತಾಗುತ್ತೆ?

ಗೊತ್ತಾಯಿತು. ಆದರೆ ಬೇರೆಯೇ ಥರ.

ಆ ಕಾದಂಬರಿಯ ನಾಯಕ ಒಬ್ಬ ದೋಣಿಯವನು. ಸುಳ್ಳುಸಾಕ್ಷಿ ಹೇಳಿ ಗೆಳೆಯನನ್ನು ಜೈಲಿಗೆ ಕಳಿಸಿದವನು. ಅವನ ತತ್ವ ಇಷ್ಟು: ಕ್ಷಮೆ ಕೇಳುವುದೆಂದರೆ ನಮ್ಮ ತಪ್ಪಿನ ಭಾರವನ್ನು ನೊಂದವನ ಹೆಗಲಿಗೇ ದಾಟಿಸುವುದು; ಆದ್ದರಿಂದ ಕೇಳಬಾರದು, ಹೊತ್ತುಕೊಂಡೇ ಬದುಕಬೇಕು. ಇದು ಮಹಾ ಪ್ರಾಮಾಣಿಕತೆ ಎನ್ನುವವರು ಒಂದು ಕಡೆ, ಬರೀ ಕೊಬ್ಬು ಎನ್ನುವವರು ಇನ್ನೊಂದು ಕಡೆ. ಈ ಜಗಳ ಮೂರು ತಲೆಮಾರಿನಿಂದ ನಡೆದಿದೆ.

ಪುಟ ೨೮೮ರ ಕೊನೆಯಲ್ಲಿ ದೋಣಿಯವನು ಗೆಳೆಯನ ಬಾಗಿಲು ತಟ್ಟುತ್ತಾನೆ. ಅಕ್ಕನ ಪ್ರತಿಯಲ್ಲಿ ಮುಂದಿನ ಪುಟವೇ ೩೦೫: "ಬೆಳಗಾಗಿತ್ತು." ನಡುವೆ ಏನೂ ಇಲ್ಲ. ಅಕ್ಕ ಅದನ್ನು ಲೇಖಕನ ಉಪಾಯ ಎಂದುಕೊಂಡಳು. ಹದಿನಾರು ಪುಟಗಳ ಮೌನ! ಬಾಗಿಲಿಗೆ ಹೋದರೂ ಅವನು ಕ್ಷಮೆ ಕೇಳಲಿಲ್ಲ ಎಂದು ಅದರ ಮೇಲೆ ಭಾಷಣ ಮಾಡಿದಳು. ಪುಸ್ತಕ ಎಲ್ಲೂ ಸಿಗದ್ದರಿಂದ ಓದುಕೂಟದವರೆಲ್ಲ ಅವಳ ಪ್ರತಿಯನ್ನೇ ಜೆರಾಕ್ಸ್ ಮಾಡಿಸಿಕೊಂಡರು. ಅವರೂ ತಲೆದೂಗಿದರು.

ನಗಬಹುದಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಅಕ್ಕ ತನ್ನ ಮಗಳಿಗೆ ಬಂದ ನೌಕರಿಯ ಪತ್ರವನ್ನು ಒಡೆದು ಬಚ್ಚಿಟ್ಟಳು, ಮಗಳು ದೂರ ಹೋಗದಿರಲಿ ಎಂದು. ಮಗಳಿಗೆ ಗೊತ್ತಾಯಿತು, ಮನೆ ಬಿಟ್ಟಳು. ತಪ್ಪಾಯ್ತು ಎಂಬ ಒಂದು ಮಾತಿಗೆ ಕಾದಳು. ಅಕ್ಕ ಹೊತ್ತುಕೊಂಡೇ ಬದುಕಿದಳು.

೩

ಡ್ರಾಫ್ಟ್ ಒಂದು: ಬೈಂಡರ್ ಸದ್ದಿಲ್ಲದೆ ಹತ್ತೊಂಬತ್ತನೇ ಫಾರಂ ಸೇರಿಸಿ ಹೊಲಿದು ಕೊಟ್ಟುಬಿಡುತ್ತಾನೆ. ಶನಿವಾರ ಅವಳಿಗೇ ಸಿಗುತ್ತದೆ. ಶುಭಂ.

"ಹಾಗೆ ಬರೀಬೇಡ," ಎಂದ ಬೈಂಡರ್, ನನ್ನ ಕಡೆ ತಿರುಗಿ. "ಒಂದ್ಸಲ ಬಚ್ಚಿಟ್ಟಿದ್ದು ಸಾಕು."

"ನಿನ್ನ ಮರ್ಯಾದೆ ಉಳಿಯುತ್ತಲ್ಲ ಮಾರಾಯ!"

"ನನ್ನ ಮರ್ಯಾದೆ ಕಟ್ಕೊಂಡು ನಿಂಗೇನಾಗ್ಬೇಕು? ನೀನು ಟೈಪ್ ಮಾಡು."

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೪

ಅವನು ಡ್ರಾಯರ್ ಎಳೆದು ಹಳದಿಗಟ್ಟಿದ ಮಡಿಕೆಯನ್ನು ಅಕ್ಕನ ಮುಂದಿಟ್ಟ. ಎಲ್ಲ ಹೇಳಿದ. ಅಂಚು ಇನ್ನೂ ಕತ್ತರಿಸಿರಲಿಲ್ಲ, ಪುಟಗಳು ಒಂದಕ್ಕೊಂದು ಕೂಡಿಕೊಂಡೇ ಇದ್ದವು.

"ನೀನು ಓದಿದ್ಯಾ?"

"ಇಲ್ಲಕ್ಕ. ಭಯ ಆಗ್ತಿತ್ತು."

"ಇಪ್ಪತ್ತು ವರ್ಷ! ಆ ಮೌನ, ಆ ಮೌನ ಅಂತ ನಾನು ಬಾಯಿ ಬಡ್ಕೋತಿದ್ರೆ ಇಲ್ಲಿ ಕೂತು ಅಂಟು ಕಲಸ್ತಿದ್ದೆ?"

"ತಪ್ಪಾಯ್ತಕ್ಕ. ಕ್ಷಮಿಸು."

"ಕ್ಷಮೆ ಕೇಳ್ಬೇಡ ಅಂತ ನಿಂಗೆ ಎಷ್ಟು ಸಲ ಹೇಳಿದೀನಿ!"

"ಕೇಳ್ತೀನಿ. ಕೊಡೋದು ಬಿಡೋದು ನಿನ್ನಿಷ್ಟ."

ಅಕ್ಕ ಮೇಜಿನ ಮೇಲಿನ ಚಾಕು ತೆಗೆದುಕೊಂಡಳು. (ಹೆದರಬೇಡಿ, ಅಂಥ ಕಥೆಯಲ್ಲ.) ಸ್ಟೂಲಿನಲ್ಲಿ ಕೂತು ಅಂಚು ಬಿಡಿಸುತ್ತ, ಒಂದೊಂದೇ ಪುಟ ಓದತೊಡಗಿದಳು.

೫

ಅವಳು ಓದುವಷ್ಟರಲ್ಲಿ ಒಂದೆರಡು ಮುಕ್ತಾಯ ಟ್ರೈ ಮಾಡೋಣ. ಅ) ಅಕ್ಕ ಬಿಕ್ಕಿ ಬಿಕ್ಕಿ ಅತ್ತು ಮಗಳಿಗೆ ಫೋನ್ ಮಾಡುತ್ತಾಳೆ. ಇದಕ್ಕೆ ಹಿನ್ನೆಲೆ ಸಂಗೀತ ಬೇಕು, ನನ್ನ ಬಳಿ ಇಲ್ಲ. ಆ) "ಲೇಖಕ ಹೆದರಿ ಬರೆದದ್ದು" ಎಂದು ಹರಿದೆಸೆಯುತ್ತಾಳೆ. ಇದು ಅವಳಿಗೆ ಚೆನ್ನಾಗಿ ಒಪ್ಪುತ್ತದೆ. ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಅವಳು ತಲೆಯೆತ್ತಿದಳು.

"ಏನಿದೆ ಅಕ್ಕ ಅದ್ರಲ್ಲಿ?"

"ಏನೂ ಇಲ್ಲ ಕಣೋ. ಬಾಗಿಲಲ್ಲಿ ನಿಂತು ತೊದಲ್ತಾನೆ. ಹದಿನಾರು ಪುಟವೂ ತೊದಲೋದೇ. ಇನ್ನೂರು ಪುಟ ತತ್ವ ಕೊರೆದ ಬಾಯಲ್ಲಿ ಎರಡು ಮಾತು ಹೊರಡಲ್ಲ."

"ಕೊನೆಗೆ ಕೇಳ್ತಾನಾ?"

ಅಕ್ಕ ಪುಟಗಳನ್ನು ಮತ್ತೆ ಮಡಚಿ ಅವನ ಕಡೆ ತಳ್ಳಿದಳು. ಬೈಂಡರ್ ಸೂಜಿಗೆ ದಾರ ಪೋಣಿಸಿದ.

"ಸೇರಿಸಿ ಹೊಲೀಲಾ?"

"ಆಮೇಲೆ. ಮೊದಲು ನೀನು ಆಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

"ಯಾವ್ದನ್ನ?"

"ಅದೇ. ನಂಗೆ ರೂಢಿ ಇಲ್ಲ. ಹೇಗೆ ಶುರು ಮಾಡ್ತಾರೆ ನೋಡ್ಬೇಕು."

ಬೈಂಡರ್ ಸೂಜಿ ಕೆಳಗಿಟ್ಟ. "ತಪ್ಪಾಯ್ತಕ್ಕ. ಕ್ಷಮಿಸು."

"ಇಷ್ಟು ಬೇಗ ಬೇಡ. ನಿಧಾನಕ್ಕೆ. ಕೈ ಎಲ್ಲಿ ಇಟ್ಕೋಬೇಕು?"

"ಎಲ್ಲಾದ್ರೂ ಇಟ್ಕೋ."

"ಎದುರಿನವ್ರು ಮಾತೇ ಆಡ್ದಿದ್ರೆ?"

"ನೀನು ಕ್ಷಮಿಸಿದೀನಿ ಅಂದ್ಯಾ ನಂಗೆ? ನಾನು ನಿಂತಿಲ್ವಾ!"

೬

ಮಗಳ ಮನೆಗೆ ಹೋಗುತ್ತಾಳಾ ಎಂದು ನನ್ನನ್ನು ಕೇಳಬೇಡಿ. ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಈಗ ನಡುವೆ ಬಾಯಿ ಹಾಕುವ ಹಾಗಿಲ್ಲ, ಬೈಂಡರ್ ನಾಲ್ಕನೇ ಸಲ ಹೇಳುತ್ತಿದ್ದಾನೆ, ಅಕ್ಕ ಅವನ ಬಾಯನ್ನೇ ನೋಡುತ್ತ ತುಟಿ ಅಲುಗಿಸುತ್ತಿದ್ದಾಳೆ, ಇನ್ನೂ ಸದ್ದು ಬಂದಿಲ್ಲ